ಇಳಿಯುವಾಗ ಅಲುಗುವ ವಿಮಾನ

ಅಪ್ಪ ಆಫೀಸಿನ ಹೊತ್ತಿನಲ್ಲಿ ಫೋನು ಮಾಡುವ ಮನುಷ್ಯನಲ್ಲ. ಹಾಗಾಗಿ ಆ ಬುಧವಾರ ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ ಗಂಗಾ ಮೊಬೈಲಿನ ಮೇಲೆ ಅವನ ಹೆಸರು ಕಂಡು ಡಬ್ಬಿಯನ್ನು ಬದಿಗಿಟ್ಟಳು. ಅವ್ವನಿಗೆ ಏನೋ ಆಗಿರಬೇಕು ಎಂದುಕೊಂಡೇ ಎತ್ತಿದಳು. ಅವ್ವನಿಗೆ ಏನೂ ಆಗಿರಲಿಲ್ಲ. ಅಪ್ಪ ಊಟ ಆಯಿತೇ ಎಂದು ಕೇಳಿದ, ನಿಮ್ಮ ಕಡೆ ಮಳೆ ಬಂತೇ ಎಂದು ಕೇಳಿದ, ಆಮೇಲೆ, ಮನೆಯ ಕಂಪ್ಯೂಟರಿಗೆ ವಯಸ್ಸಾಯಿತು, ಅದರ ಪ್ರೊಸೆಸರ್ ಬದಲಿಸಬೇಕಾಗಬಹುದು, ಯಾವುದು ಹಾಕಿಸಿದರೆ ಒಳ್ಳೆಯದು ಎಂದು ವಿಚಾರಿಸಿದ.

"ಆ ವಿಮಾನದ ಆಟ ಜರ್ಕ್ ಹೊಡಿಯಾಕತ್ತೈತಿ," ಅಂದ. "ಇಳಿಯೂ ಮುಂದ ವಿಮಾನ ಹಿಡಿತಕ್ಕ ಬರವಲ್ದು."

ನೋಡಿ ಹೇಳುತ್ತೇನೆ ಎಂದು ಗಂಗಾ ಫೋನಿಟ್ಟಳು. ನೋಡಲಿಲ್ಲ. ಅವಳು ಆಗ ಯಾವುದನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ. ಅಮೆರಿಕದ ಒಂದು ವಿಮಾ ಕಂಪನಿಗೆ ಅವರ ತಂಡ ಮಾಡಿಕೊಡುತ್ತಿದ್ದ ಸಾಫ್ಟ್‌ವೇರು ಜುಲೈ ಕೊನೆಗೆ ಹೊರಬೀಳಬೇಕಿತ್ತು. ತಪ್ಪು ಹುಡುಕುವುದು ಅವಳ ಕೆಲಸ. ಬೆಳಿಗ್ಗೆಯಿಂದ ಹುಡುಕಿದ ತಪ್ಪುಗಳನ್ನು ಸಂಜೆ ಫೋನಿನಲ್ಲಿ ಆ ಕಡೆಯವರಿಗೆ ಒಪ್ಪಿಸಬೇಕು. ಅವರು ಅದು ತಪ್ಪೇ ಅಲ್ಲ ಎನ್ನುತ್ತಾರೆ. ಮರುದಿನ ಮತ್ತೆ ಹುಡುಕಬೇಕು. ಮಣಿಕೊಂಡದ ಫ್ಲ್ಯಾಟಿಗೆ ಬಂದು ಬಿದ್ದರೆ ಜೊತೆಗಿದ್ದ ಲಹರಿ ಏನು ಕೇಳಿದರೂ ಹ್ಞೂಂ ಎನ್ನುವುದಷ್ಟೇ. ಎಷ್ಟೋ ದಿನ ಚಪ್ಪಲಿ ಬಿಚ್ಚದೆ ಹಾಸಿಗೆಯ ಅಂಚಿನಲ್ಲಿ ಕೂತು, ಏಳಬೇಕು ಎಂದುಕೊಳ್ಳುತ್ತಲೇ ಕೂತಿರುತ್ತಿದ್ದಳು.

ಅಪ್ಪ ಮರುವಾರ ಮತ್ತೆ ಫೋನು ಮಾಡಿದ. ಅದರ ಮರುವಾರವೂ ಮಾಡಿದ. ಅಷ್ಟರಲ್ಲಿ ಅವನೇ ಅಲ್ಲಿ ಇಲ್ಲಿ ಕೇಳಿ ಸಾಕಷ್ಟು ತಿಳಿದುಕೊಂಡಿದ್ದ. ಈಗ ಬರುವ ಪ್ರೊಸೆಸರುಗಳಲ್ಲಿ ಎರಡೆರಡು ಕೋರ್, ಅಂದರೆ ಎರಡೆರಡು ಮಿದುಳು, ಇರುತ್ತವಂತೆ, ನಾಲ್ಕು ಇರುವವೂ ಬಂದಿವೆಯಂತೆ. ಆದರೆ ಮನೆಯ ಹಳೆಯ ಬೋರ್ಡಿಗೆ ಅವು ಕೂರುವುದಿಲ್ಲ. ಅದೇ ಜಾತಿಯಲ್ಲಿ ಸ್ವಲ್ಪ ಚುರುಕಾದದ್ದು ಬೇಕೆಂದರೆ ಯಾರೋ ಬಳಸಿ ಬಿಟ್ಟದ್ದೇ ಸಿಗಬೇಕು. ಇಲ್ಲವಾದರೆ ಬೋರ್ಡು, ಮೆಮೊರಿ ಎಲ್ಲ ಬದಲಿಸಬೇಕು. ಹಾಗೆ ಮಾಡಿದರೆ ಹಳೆಯದೆಂದು ಉಳಿಯುವುದು ಡಬ್ಬ ಮಾತ್ರ. ಇಷ್ಟನ್ನೂ ಹೇಳಿ, "ನೀ ಹೆಂಗಂತಿ ಹಂಗ," ಎಂದು ಮುಗಿಸಿದ. ಇಪ್ಪತ್ತೇಳು ವರ್ಷದ ಮಗಳಲ್ಲಿ ಅವನು ತನಗಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು ಎಂಬುದು ಗಂಗಾಳಿಗೆ ಆಮೇಲೆ, ಕ್ಯಾಬಿನಲ್ಲಿ ಕೂತಾಗ ಹೊಳೆಯಿತು.

ಆ ಕಂಪ್ಯೂಟರು ಬಂದದ್ದು ಅವಳು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ. ಸಿಕಂದರಾಬಾದಿನ ಪಾರ್ಕ್ ಲೇನಿನ ಕಂಪ್ಯೂಟರ್ ಅಂಗಡಿಗಳಲ್ಲಿ ಬಿಡಿ ಬಿಡಿ ಭಾಗ ಆರಿಸಿ ಕಟ್ಟಿಸಿದ್ದು. ಆಟೋದಲ್ಲಿ ಮಾನಿಟರನ್ನು ಅಪ್ಪ ಕುಷಾಯಿಗೂಡದ ಮನೆಯವರೆಗೂ ತೊಡೆಯ ಮೇಲೆ ಕೂಸಿನಂತೆ ಹಿಡಿದುಕೊಂಡು ಬಂದಿದ್ದ. ಗಂಗಾ ಓದು ಮುಗಿಸಿ, ಕೆಲಸ ಹಿಡಿದು, ಆಫೀಸು ದೂರವೆಂದು ಮಣಿಕೊಂಡಕ್ಕೆ ಹೋದ ಮೇಲೆ ಅದು ನಡುಮನೆಯ ಮೂಲೆಯಲ್ಲಿ ಸುಮ್ಮನೆ ಕೂತಿತ್ತು. ಒಂದು ದಿನ ಅಪ್ಪನ ಜೊತೆ ಕೆಲಸ ಮಾಡುವ ಅಂಬಣ್ಣ ವಿಮಾನ ಹಾರಿಸುವ ಆಟವೊಂದರ ಸಿಡಿ ತಂದುಕೊಟ್ಟ. ಅಲ್ಲಿಂದ ಕಂಪ್ಯೂಟರು ಅಪ್ಪನದಾಯಿತು.

ಅಪ್ಪ ಚಂದ್ರಹಾಸ ಚಿತ್ತಾಪುರದ ಕಡೆಯವನು. ಐಟಿಐ ಮುಗಿಸಿ, ಮೀಸೆ ಸರಿಯಾಗಿ ಬಲಿಯುವ ಮೊದಲೇ ಕುಷಾಯಿಗೂಡದ ಪಕ್ಕದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಸೇರಿದ್ದ. ತಯಾರಾದ ಕಂಟ್ರೋಲ್ ಪ್ಯಾನೆಲ್ಲುಗಳನ್ನು ಕಟ್ಟಕಡೆಗೆ ಪರೀಕ್ಷಿಸುವ ಬೆಂಚು ಅವನದು. ಕೂದಲೆಳೆಯಂಥ ತಂತಿ, ಸಾಸಿವೆಯಂಥ ಸ್ಕ್ರೂ. ಜೀವಮಾನದಲ್ಲಿ ಒಮ್ಮೆಯೂ ವಿಮಾನ ಹತ್ತಿದವನಲ್ಲ. ಆದರೆ ಗಾಳಿ ಒಂದು ದಿಕ್ಕಿಗಿದ್ದಾಗ ಬೇಗಂಪೇಟೆಯ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಅವರ ಓಣಿಯ ಮೇಲೆಯೇ ತಗ್ಗಿ ಹೋಗುತ್ತಿದ್ದವು. ಮಾಳಿಗೆಯ ಮೇಲೆ ಒಗೆದ ಬಟ್ಟೆ ತೆಗೆಯುವ ನೆವದಲ್ಲಿ ಅವನು ಅವುಗಳ ಹೊಟ್ಟೆ ನೋಡುತ್ತಾ ನಿಲ್ಲುತ್ತಿದ್ದ. ಆಟ ಸಿಕ್ಕ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಪುಟ್ಟ ವಿಮಾನದಲ್ಲಿ ಬೇಗಂಪೇಟೆಯಿಂದ ಏರಿ, ಹುಸೇನ್ ಸಾಗರವೆಂಬ ನೀಲಿ ತೇಪೆಯ ಮೇಲೆ ಒಂದು ಸುತ್ತು ಹಾಕಿ, ಮತ್ತೆ ಬೇಗಂಪೇಟೆಗೇ ಇಳಿಯುತ್ತಿದ್ದ. ಅವನ ಹೆಮ್ಮೆಯೆಲ್ಲ ಆ ಇಳಿಯುವುದರಲ್ಲಿತ್ತು. ಗಾಲಿ ನೆಲ ಮುಟ್ಟಿದ್ದು ಗೊತ್ತೇ ಆಗಬಾರದು ಎನ್ನುತ್ತಿದ್ದ. ಶಂಷಾಬಾದಿನಲ್ಲಿ ಹೊಸ ನಿಲ್ದಾಣ ತೆರೆದು ಬೇಗಂಪೇಟೆಯದು ಮುಚ್ಚಿದಾಗ ಓಣಿಯ ಮೇಲಿನ ಆಕಾಶ ಬರಿದಾಯಿತು. "ನಮ್ಮ ಆಟದಾಗ ಇನ್ನೂ ಚಾಲೂ ಐತಿ ಬಿಡು," ಎಂದು ನಕ್ಕಿದ್ದ. ಅದಾಗಿ ನಾಲ್ಕು ತಿಂಗಳಾಗಿತ್ತು.

ಇತ್ತೀಚೆಗೆ ಅಂಬಣ್ಣ ಅದೇ ಆಟದ ಹೊಸ ಆವೃತ್ತಿಯ ಡಿಸ್ಕ್ ಕೊಟ್ಟಿದ್ದಾನೆಂದು ಗಂಗಾಳಿಗೆ ಗೊತ್ತಿತ್ತು. ಹೊಸ ಆಟ ಹಳೆಯ ಪ್ರೊಸೆಸರಿಗೆ ಭಾರವಾಗುವುದು ಸಹಜ. ಅದರಲ್ಲಿ ಯೋಚಿಸುವಂಥದ್ದೇನೂ ಅವಳಿಗೆ ಕಾಣಲಿಲ್ಲ. ಯೋಚಿಸಲು ತ್ರಾಣವಿಲ್ಲದ್ದೇ ಕಷ್ಟವಾಗಿತ್ತು. ಆಫೀಸಿನಲ್ಲಿ ಕೆಲಸದ ನಡುವೆ ಬಿಡುವು ಸಿಕ್ಕಾಗ ಅಂತರ್ಜಾಲದ ಚರ್ಚೆಗಳನ್ನು ತೆರೆದು ಓದಿದಳು. ಒಬ್ಬ ಹಳೆಯದಕ್ಕೆ ದುಡ್ಡು ಸುರಿಯಬೇಡ ಎನ್ನುತ್ತಿದ್ದ, ಇನ್ನೊಬ್ಬ ಗ್ರಾಫಿಕ್ಸ್ ಕಾರ್ಡ್ ಬದಲಿಸಿದರೆ ಸಾಕು ಎನ್ನುತ್ತಿದ್ದ, ಮತ್ತೊಬ್ಬ ಆರು ತಿಂಗಳು ತಡೆದುಕೋ, ಬೆಲೆ ಇಳಿಯುತ್ತದೆ ಎನ್ನುತ್ತಿದ್ದ. ಎಲ್ಲರೂ ಸರಿಯಾಗಿಯೇ ಹೇಳುತ್ತಿದ್ದಾರೆ ಅನ್ನಿಸಿ ಆ ಪುಟ ಮುಚ್ಚುತ್ತಿದ್ದಳು. ಕೊನೆಗೆ, ಖುದ್ದು ಹೋಗಿ ನೋಡಿ ಏನೋ ಒಂದು ಮಾಡಿ ಮುಗಿಸಿಬಿಡೋಣ ಎಂದು ಒಂದು ಶನಿವಾರ ರಜೆ ಕೇಳಿದಳು. ಶನಿವಾರಕ್ಕೂ ರಜೆ ಕೇಳಬೇಕಾಗಿದ್ದ ದಿನಗಳು ಅವು.

ಮೆಹದಿಪಟ್ಣಂ ದಾಟಿ, ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಿ ಅವಳು ಮನೆ ಮುಟ್ಟುವಾಗ ಬಿಸಿಲೇರಿತ್ತು. ದಾರಿಯುದ್ದಕ್ಕೂ ಕಿಟಕಿಯ ಸರಳಿಗೆ ಹಣೆ ಒತ್ತಿ ನಿದ್ದೆ ಹೋಗಿದ್ದಳು. ಅವ್ವ ಸಾವಿತ್ರಿ ಬಾಗಿಲಲ್ಲೇ ಅವಳ ಗಲ್ಲ ಹಿಡಿದು ನೋಡಿ, ಕಣ್ಣ ಕೆಳಗೆ ಕಪ್ಪಾಗಿದೆ ಎಂದು ಗೊಣಗಿದಳು. ಎಲ್ಲರಿಗೂ ಚಹಾ ಬಂತು. ಅಪ್ಪನ ಲೋಟದಲ್ಲಿ ಚಹಾ ಅರ್ಧಕ್ಕೇ ಇತ್ತು. ಸಕ್ಕರೆ ಕಾಯಿಲೆಯೇನಾದರೂ ಬಂತೋ ಎಂದು ಗಂಗಾ ಕೇಳಿದಳು. ಅದೇನಿಲ್ಲ ಎಂದು ಅವ್ವ ಒಳಗೆ ಹೋದಳು.

ಅಪ್ಪ ಆಗಲೇ ಕಂಪ್ಯೂಟರು ಹಚ್ಚಿ ಕೂತಿದ್ದ. ಹೊಸ ಆಟ ತೆರೆದು ತೋರಿಸಿದ. ವಿಮಾನ ಏರಿತು, ಸುತ್ತಿತು. ಇಳಿಯುವ ಹೊತ್ತಿಗೆ ರನ್‌ವೇ ಎದುರಾಗುತ್ತಲೇ ರೆಕ್ಕೆಗಳು ಆ ಕಡೆ ಈ ಕಡೆ ಅಲುಗತೊಡಗಿದವು. ಮೂಗು ಎದ್ದಿತು, ಬಿದ್ದಿತು, ಗಾಲಿ ಧಡ್ಡೆಂದು ನೆಲಕ್ಕೆ ಬಡಿದು ವಿಮಾನ ಹುಲ್ಲಿನೊಳಗೆ ಹೊರಳಿತು. "ನೋಡಿದೇನು? ಜರ್ಕ್," ಎಂದ. ಗಂಗಾ ಡಬ್ಬದ ಪಕ್ಕದ ತಗಡು ಬಿಚ್ಚಿ ಒಳಗಿನ ಧೂಳು ಹೊಡೆದಳು, ಫ್ಯಾನು ತಿರುಗುವುದನ್ನು ನೋಡಿದಳು. ಆಮೇಲೆ ಹೊಸದನ್ನು ಮುಚ್ಚಿ ಹಳೆಯ ಆಟವನ್ನು ಹಾಕಿದಳು. ಅದು ಇದೇ ಯಂತ್ರದಲ್ಲಿ ವರ್ಷಗಟ್ಟಲೆ ಬೆಣ್ಣೆಯಂತೆ ಓಡಿದ ಆಟ. ಅಪ್ಪ ಅದನ್ನೂ ಆಡಿದ. ಅದರಲ್ಲೂ ರೆಕ್ಕೆ ಅಲುಗಿತು, ಅದರಲ್ಲೂ ಹುಲ್ಲಿಗೆ ಬಿದ್ದ.

ಆಟ ನಡೆಯುತ್ತಿರುವಾಗ ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂಬುದನ್ನು ಗಂಗಾ ಪರದೆಯ ಬದಿಯ ಪುಟ್ಟ ಕಿಟಕಿಯಲ್ಲಿ ನೋಡುತ್ತಿದ್ದಳು. ಅದು ಅರ್ಧ ಶಕ್ತಿಯಲ್ಲೂ ದುಡಿಯುತ್ತಿರಲಿಲ್ಲ. ಚಿತ್ರ ಎಲ್ಲಿಯೂ ತಡೆಯುತ್ತಿರಲಿಲ್ಲ. "ಎಲ್ಲಿ, ನಾ ಒಮ್ಮೆ ನೋಡ್ತೀನಿ," ಎಂದು ಕುರ್ಚಿಗೆ ಬಂದಳು. ಅವಳಿಗೆ ಈ ಆಟ ಅಷ್ಟಕ್ಕಷ್ಟೇ. ಆದರೂ ವಿಮಾನ ನೇರವಾಗಿ, ರೆಕ್ಕೆ ಒಂದಿಷ್ಟೂ ಅಲುಗದೆ ಇಳಿದು, ರನ್‌ವೇಯ ತುದಿಯಲ್ಲಿ ನಿಂತಿತು.

"ನೀ ಹಗೂರ ಹಿಡಿತಿ," ಅಪ್ಪ ಅಂದ. "ಅದಕ್ಕ ಮಿಷನ್ ಮ್ಯಾಲ ಭಾರ ಬೀಳಂಗಿಲ್ಲ."

ಮೌಸನ್ನು ಹಗುರ ಹಿಡಿದರೇನು, ಬಿಗಿ ಹಿಡಿದರೇನು, ಅದಕ್ಕೂ ಪ್ರೊಸೆಸರಿಗೂ ಸಂಬಂಧವಿಲ್ಲವೆಂದು ಮೂವತ್ತು ವರ್ಷ ಯಂತ್ರಗಳ ನಡುವೆ ಬಾಳಿದವನಿಗೆ ತಿಳಿಯದೇ? ಗಂಗಾ ತಲೆಯೆತ್ತಿ ನೋಡಿದಳು. ಅಪ್ಪ ಪರದೆಯನ್ನೇ ನೋಡುತ್ತಿದ್ದ. ಇನ್ನೊಮ್ಮೆ ಆಡಿ ತೋರಿಸು ಎಂದಳು. ಈ ಸಲ ಅವಳು ವಿಮಾನದ ಕಡೆಗೆ ನೋಡಲಿಲ್ಲ. ರನ್‌ವೇ ಹತ್ತಿರ ಬರುತ್ತಿದ್ದಂತೆ ಮೌಸಿನ ಮೇಲಿದ್ದ ಅಪ್ಪನ ಬಲಗೈ, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ, ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿತ್ತು.

ಅವಳು ಎದ್ದಳು. ಅಡುಗೆಮನೆಗೆ ಹೋಗಿ, ಅವ್ವ ಹೆಚ್ಚುತ್ತಿದ್ದ ಈರುಳ್ಳಿಯ ಪಕ್ಕದಲ್ಲಿ ನೆಲಕ್ಕೆ ಕೂತಳು.

"ಎಂದಿನಿಂದ ಐತಿದು?" ಎಂದು ಕೇಳಿದಳು.

ಸಾವಿತ್ರಿ ಏನದು ಎಂದು ಕೇಳಲಿಲ್ಲ. ಕಳೆದ ದೀಪಾವಳಿಗೆ ಹಣತೆಗೆ ಎಣ್ಣೆ ಹಾಕುವಾಗ ತಾನು ಮೊದಲು ನೋಡಿದ್ದಾಗಿ, ಆಮೇಲಿನಿಂದ ಅವರ ಲೋಟಕ್ಕೆ ಚಹಾ ಅರ್ಧವೇ ಹಾಕುತ್ತಿರುವುದಾಗಿ ತಗ್ಗಿದ ದನಿಯಲ್ಲಿ ಹೇಳಿದಳು. ಅರ್ಧ ಯಾಕೆ ಎಂದು ಅವರು ಒಂದು ದಿನವೂ ಕೇಳಿಲ್ಲ. ಕಾರ್ಖಾನೆಯಲ್ಲಿ ಸಣ್ಣ ಕೆಲಸವನ್ನೆಲ್ಲ ಅಂಬಣ್ಣ ಮಾಡಿಕೊಡುತ್ತಿದ್ದಾನಂತೆ. ಅದನ್ನು ಹೇಳಿದ್ದು ಅಂಬಣ್ಣನ ಹೆಂಡತಿ, ಸಂತೆಯಲ್ಲಿ ಸಿಕ್ಕಾಗ, ಯಾರ ಮುಂದೆಯೂ ಆಡಬೇಡಿ ಎಂದು ಆಣೆ ಹಾಕಿಸಿಕೊಂಡು. ದವಾಖಾನೆಗೆ ಹೋಗೋಣ ಎಂದು ಅವ್ವ ಒಮ್ಮೆ ಬಾಯಿ ತೆರೆದಾಗ, ಯಾರಿಗೆ ಏನಾಗಿದೆ ಎಂದು ಕೇಳಿ ಎದ್ದು ಹೋಗಿದ್ದರಂತೆ.

"ಅವ್ರು ಹೇಳಂಗಿಲ್ಲ, ನಾ ಕೇಳಂಗಿಲ್ಲ," ಅಂದಳು ಅವ್ವ. ಚಾಕು ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಈರುಳ್ಳಿಯದೋ ಏನೋ. "ಅದೇನೋ ಹಾಕ್ಸೂದು ಅಂತಾರಲ್ಲ, ಹಾಕ್ಸಿ ಬಿಡವ್ವ. ಒಂದ್ ನಾಕ್ ದಿನ ಆದ್ರೂ ಸಮಾಧಾನ ಇರ್ಲಿ ಅವರ್ಗೆ."

ನಾಲ್ಕು ದಿನ ಆದ ಮೇಲೆ? ಹೊಸ ಪ್ರೊಸೆಸರಿನಲ್ಲೂ ರೆಕ್ಕೆ ಅಲುಗಿದಾಗ? ಗಂಗಾಳಿಗೆ ಕೇಳಬೇಕೆನಿಸಿತು. ಕೇಳಲಿಲ್ಲ. ಆಫೀಸಿನಲ್ಲಿ ದಿನವೂ ಇದು ತಪ್ಪು, ಇದು ಇಲ್ಲಿದೆ, ಇದು ಹೀಗಾಗುತ್ತದೆ ಎಂದು ಹೇಳಿ ಹೇಳಿ ಅವಳ ನಾಲಿಗೆ ಸೋತಿತ್ತು. ಮನೆಯಲ್ಲಿಯೂ ಅದನ್ನೇ ಹೇಳುವ ಶಕ್ತಿ ಅವಳಿಗಿರಲಿಲ್ಲ. ಸುಮ್ಮನಿರುವುದು ಎಷ್ಟು ಸುಲಭವೆಂದರೆ ಅದನ್ನು ನಿರ್ಧಾರ ಎನ್ನಲಿಕ್ಕೂ ಬರುವಂತಿರಲಿಲ್ಲ. ಊಟಕ್ಕೆ ಕೂತಾಗ, "ಹೊಂಡೂಣಪ್ಪ, ಪಾರ್ಕ್ ಲೇನಿಗೆ. ಇವತ್ತೇ ಹಾಕ್ಸೂಣು," ಎಂದಳು. ಅಪ್ಪನ ಮುಖ ಅರಳಿತು. ರೊಟ್ಟಿ ಮುರಿಯುವುದನ್ನು ಬಿಟ್ಟು, ಬೋರ್ಡೂ ಹೊಸದು ತಗೊಂಡರೆ ಮುಂದೆ ಹತ್ತು ವರ್ಷ ಚಿಂತೆಯಿಲ್ಲ ಎಂದು ವಿವರಿಸತೊಡಗಿದ. ಅವ್ವ ತಟ್ಟೆಯಿಂದ ತಲೆ ಎತ್ತಲಿಲ್ಲ.

ಪಾರ್ಕ್ ಲೇನಿನಲ್ಲಿ ಶನಿವಾರದ ಜನ ಕಿಕ್ಕಿರಿದಿದ್ದರು. ಬ್ಯಾಗು ಹೆಗಲಿಗೇರಿಸಿದ ಸಾಫ್ಟ್‌ವೇರಿನ ಹುಡುಗರು, ಮಗನಿಗೆ ಕಂಪ್ಯೂಟರು ಕೊಡಿಸಲು ಬಂದ ತಂದೆಯರು, ತಲೆಯ ಮೇಲೆ ಡಬ್ಬಗಳ ಗೋಪುರ ಹೊತ್ತು ಮೆಟ್ಟಿಲು ಹತ್ತುವ ಹಮಾಲರು. ಎರಡನೇ ಮಹಡಿಯ ಅಂಗಡಿಯೊಂದರಲ್ಲಿ ಅಪ್ಪ ತನ್ನ ಕಾರ್ಖಾನೆಯ ಹಿಂದಿಯಲ್ಲಿ ವಿಷಯ ಹೇಳಿದ. ಅಂಗಡಿಯವನು ಹಳೆಯ ಬೋರ್ಡಿನ ಹೆಸರು ಕೇಳಿ ತಲೆಯಾಡಿಸಿದ. ಅದಕ್ಕೆ ಕೂರುವ ಪ್ರೊಸೆಸರು ಈಗ ಹೊಸದಾಗಿ ಬರುವುದೇ ಇಲ್ಲ. ಹಳೆಯದು ಬೇಕೆಂದರೆ ಎರಡು ದಿನ ಬಿಟ್ಟು ತರಿಸಿಕೊಡಬಹುದು, ಆದರೆ ದೊಡ್ಡ ಫರಕೇನೂ ಕಾಣುವುದಿಲ್ಲ, ತನ್ನ ಮಾತು ಕೇಳುವುದಾದರೆ ಎಲ್ಲವನ್ನೂ ಬದಲಿಸಿ ಎಂದ. ಬಾಯಿಮಾತು ಸಾಕಾಗದೆಂದು, ಗಿರಾಕಿಗಳಿಗೆ ತೋರಿಸಲೆಂದೇ ಇಟ್ಟಿದ್ದ ಯಂತ್ರದ ಮುಂದೆ ಕುರ್ಚಿ ಎಳೆದು, ಅದರಲ್ಲಿ ವಿಮಾನದ ಆಟವೂ ಇದೆ, ಕೂತು ನೀವೇ ನೋಡಿ ಎಂದು ಅಪ್ಪನನ್ನು ಕೂರಿಸಿದ.

ಗಂಗಾಳಿಗೆ ಬೇಡ ಎನ್ನಬೇಕೆನಿಸಿತು. ಏನೆಂದು ಹೇಳಿ ಬೇಡ ಎನ್ನುವುದು?

ನಾಲ್ಕು ಕೋರಿನ ಯಂತ್ರ. ಹುಸೇನ್ ಸಾಗರ ಅಲ್ಲಿ ತೇಪೆಯಾಗಿರಲಿಲ್ಲ, ನೀರಾಗಿತ್ತು. ಅದರ ಮೇಲೆ ಬಿಸಿಲು ಹೊಳೆಯುತ್ತಿತ್ತು. ಅಪ್ಪ ಸ್ವಲ್ಪ ಹೊತ್ತು ಏರುವುದನ್ನೇ ಮರೆತು ನೋಡಿದ. ಆಮೇಲೆ ಏರಿದ, ಸುತ್ತಿದ, ಇಳಿಯಲು ಬಂದ. ರೆಕ್ಕೆಗಳು ಅಲುಗಿದವು. ಹಳೆಯ ಯಂತ್ರದಲ್ಲಿ ಒರಟಾಗಿ ಕಂಡದ್ದು ಇಲ್ಲಿ ನಯವಾಗಿ, ಸ್ಪಷ್ಟವಾಗಿ, ಕೈಯ ಒಂದೊಂದು ನಡುಕವೂ ರೆಕ್ಕೆಯ ತುದಿಯಲ್ಲಿ ಕಾಣುವಂತೆ ಅಲುಗಿತು. ವಿಮಾನ ಹುಲ್ಲಿಗೆ ಬಿತ್ತು. ಅಂಗಡಿಯವನು ಮೌಸು ಕೆಟ್ಟಿರಬೇಕು ಎಂದು ಬೇರೆ ಮೌಸು ತಂದು ಹಚ್ಚಿದ. ಹಿಂದೆ ಇಬ್ಬರು ಮೂವರು ಗಿರಾಕಿಗಳು ನಿಂತು ನೋಡತೊಡಗಿದ್ದರು. ಅಪ್ಪ ಮತ್ತೊಮ್ಮೆ ಏರಿದ. ಈ ಸಲ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದಿದ್ದ. ರನ್‌ವೇ ಹತ್ತಿರವಾಯಿತು. ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ಅವನು ಮೌಸನ್ನು ಬಿಟ್ಟ. ವಿಮಾನ ಎಲ್ಲಿ ಹೋಗಿ ಬಿದ್ದಿತೆಂದು ನೋಡಲೂ ಇಲ್ಲ. ಎದ್ದು, ಬಲಗೈಯನ್ನು ಪ್ಯಾಂಟಿನ ಕಿಸೆಗೆ ಹಾಕಿಕೊಂಡು, ವಿಚಾರ ಮಾಡಿ ಬರುತ್ತೇವೆ ಎಂದು ಅಂಗಡಿಯವನಿಗೆ ಹೇಳಿದ.

ಹೊರಗೆ ಬಿಸಿಲಿಗೆ ಬಂದ ಮೇಲೆ, ಕಾಲು ಸೋತಿವೆ, ಎಲ್ಲಾದರೂ ಕೂರೋಣ ಎಂದು ಅಪ್ಪನೇ ಅಂದ. ಮೂಲೆಯ ಇರಾನಿ ಹೋಟೆಲಿನಲ್ಲಿ ಕೂತರು. ಅಪ್ಪ ಬಿಸ್ಕತ್ತನ್ನು ಎಡಗೈಯಲ್ಲಿ ತೆಗೆದುಕೊಂಡ. ಚಹಾದ ಕಪ್ಪನ್ನು ಮುಟ್ಟಲಿಲ್ಲ.

"ಪ್ರೊಸೆಸರ್ ಅಲ್ಲ ಬಿಡವ್ವ," ಅಂದ.

ಗಂಗಾ ಹ್ಞೂಂ ಅಂದಳು.

"ನಿನಗ ಗೊತ್ತಿತ್ತೇನು?"

"ಮುಂಜಾನೆ ಗೊತ್ತಾತು."

"ಗೊತ್ತಾದ ಮ್ಯಾಲೂ ಕೊಡಸಾಕ ಬಂದಿ."

ಅವ್ವನಿಗೂ ಗೊತ್ತು ಎಂದಳು. ಅಪ್ಪ ಬಿಸ್ಕತ್ತನ್ನು ಮೇಜಿನ ಮೇಲಿಟ್ಟ. ಆಮೇಲೆ ಮೆಲ್ಲಗೆ ಹೇಳತೊಡಗಿದ. ಮೊದಲು ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ಗೀರಿನಿಂದ ಜಾರುತ್ತಿತ್ತಂತೆ. ಕನ್ನಡಕದ ನಂಬರು ಹೆಚ್ಚಿರಬೇಕೆಂದುಕೊಂಡನಂತೆ; ಹೊಸ ಕನ್ನಡಕ ಬಂತು, ಜಾರುವುದು ನಿಲ್ಲಲಿಲ್ಲ. ಚಳಿಗಾಲವೆಂದುಕೊಂಡ, ಬೇಸಿಗೆಯೂ ಬಂತು. ಭಾನುವಾರ ಆಟದಲ್ಲಿಯೂ ಹಾಗೇ ಆಗತೊಡಗಿದಾಗ, ಇದು ಕಂಪ್ಯೂಟರಿನದು ಎಂದುಕೊಳ್ಳಲಿಕ್ಕೆ ಒಂದು ದಾರಿ ಸಿಕ್ಕಿತು. ಅಂಬಣ್ಣನೂ ಹೌದ್ರಿ, ಹಳೆ ಪ್ರೊಸೆಸರ್ ಐತಿ ಅಂದನಂತೆ. ಬೆಂಚಿನ ಮೇಲೆ ಅಪ್ಪನ ಪಾಲಿನ ಪ್ಯಾನೆಲ್ಲುಗಳನ್ನು ದಿನವೂ ಪರೀಕ್ಷಿಸಿ ಬಿಗಿದುಕೊಡುತ್ತಿದ್ದ ಅಂಬಣ್ಣನೇ ಹಾಗೆ ಹೇಳಿದ ಮೇಲೆ ನಂಬುವುದು ಕಷ್ಟವಾಗಲಿಲ್ಲವಂತೆ.

"ನಮ್ಮವ್ವನ ಕೈ ಹಿಂಗ ಆಗಿತ್ತು," ಅಂದ. ಅವನ ತಾಯಿ ಗದಿಗೆಮ್ಮ ಗಂಗಾ ಹುಟ್ಟುವ ಮೊದಲೇ ತೀರಿಹೋಗಿದ್ದಳು. "ಮೊದಲ ರೊಟ್ಟಿ ಬಡಿಯೂದು ಬಿಟ್ಟಳು. ಆಮ್ಯಾಲ ಒಲಿ ಮುಂದ ಬರೂದ ಬಿಟ್ಟಳು. ಕಡೀಕ ಕಟ್ಟಿ ಮ್ಯಾಲ ಕೈ ಸೆರಗಿನಾಗ ಮುಚ್ಚಿಕೊಂಡು ಕುಂದರತಿದ್ದಳು. ಯಾರರ ಬಂದ್ರ ಕೈ ಹೊರಗ ತಗೀತಿದ್ದಿಲ್ಲ."

ಅವನ ಬಲಗೈ ಇನ್ನೂ ಕಿಸೆಯಲ್ಲಿತ್ತು. ಅದು ನೆನಪಾಗಿಯೋ ಏನೋ, ಹೊರಗೆ ತೆಗೆದು ಮೇಜಿನ ಮೇಲಿಟ್ಟ. ಸುಮ್ಮನಿದ್ದಾಗ ಅದು ನಡುಗುತ್ತಿರಲಿಲ್ಲ, ಎಲ್ಲರ ಕೈಯಂತೆಯೇ ಇತ್ತು.

"ಆ ಮಿಷನ್ನೇ ಹಾಳಾಗಿದ್ರ ಚಲೋ ಇತ್ತು," ಅಂದ.

ಗಂಗಾ ಅವನ ಕಪ್ಪಿನ ಚಹಾದಲ್ಲಿ ಅರ್ಧವನ್ನು ಬಸಿಗೆ ಸುರಿದು, ಬಸಿಯನ್ನು ತಾನೇ ಹಿಡಿದಳು. ಅಪ್ಪ ಸುತ್ತ ಒಮ್ಮೆ ನೋಡಿದ. ಯಾರೂ ಇವರ ಕಡೆ ನೋಡುತ್ತಿರಲಿಲ್ಲ. ಬಾಗಿ ಕುಡಿದ.

ಮುಂದಿನ ವಾರ ಗಂಗಾ ಮತ್ತೆ ರಜೆ ಕೇಳಿದಳು. ಕೊಡಲಾಗದು ಎಂದು ಮೇಲಿನವರು ಹೇಳಿದಾಗ, ಕೇಳುತ್ತಿಲ್ಲ, ಹೇಳಿ ಹೋಗುತ್ತಿದ್ದೇನೆ ಎಂದು ಹೋದಳು. ನರರೋಗದ ಡಾಕ್ಟರ ಕೋಣೆಯ ಹೊರಗೆ ಅರ್ಧ ದಿನ ಕಾದರು. ಡಾಕ್ಟರು ಅಪ್ಪನಿಗೆ ಎರಡೂ ಕೈ ಮುಂದೆ ಚಾಚಲು ಹೇಳಿದರು, ಕಾಗದದ ಮೇಲೆ ಬಸವನಹುಳುವಿನ ಚಿಪ್ಪಿನಂತೆ ಸುತ್ತು ಸುತ್ತಾದ ಗೆರೆ ಎಳೆಯಲು ಹೇಳಿದರು. ಮೂವತ್ತು ವರ್ಷ ಸಣ್ಣ ಕೆಲಸ ಮಾಡಿದ ಕೈ ಎಳೆದ ಗೆರೆ ಗರಗಸದ ಹಲ್ಲಿನಂತಿತ್ತು. ಅಪ್ಪ ಅದನ್ನು ನೋಡಿ ಕಾಗದವನ್ನು ಮಗುಚಿಟ್ಟ. ಡಾಕ್ಟರು ನಡೆಸಿ ನೋಡಿದರು, ಮೊಣಕೈ ಮಡಚಿ ಬಿಡಿಸಿ ನೋಡಿದರು, ತಾಯಿಯ ವಿಷಯ ಕೇಳಿದರು. ಕೊನೆಗೆ, ನೀವು ಹೆದರಿದಂಥ ದೊಡ್ಡ ಕಾಯಿಲೆಯಲ್ಲ, ಕೆಲವು ಮನೆತನಗಳಲ್ಲಿ ಹೀಗೆ ಬರುವ ನಡುಕ, ಜೀವಕ್ಕೆ ಅಪಾಯವಿಲ್ಲ, ಗುಳಿಗೆ ತಗೊಂಡರೆ ಕಡಿಮೆಯಾದೀತು, ಪೂರ್ತಿ ಹೋಗುವುದಿಲ್ಲ ಎಂದರು. ಅಪ್ಪ ಒಂದೇ ಒಂದು ಪ್ರಶ್ನೆ ಕೇಳಿದ: ಬೆಂಚಿನ ಕೆಲಸ? ಸಾಧ್ಯವಾದರೆ ಬೇರೆ ಕೆಲಸ ಕೇಳಿಕೊಳ್ಳಿ ಎಂದರು ಡಾಕ್ಟರು.

ಹೆದರಿದಂಥದ್ದಲ್ಲ ಎಂಬ ಮಾತಿಗೆ ಅವ್ವ ಆ ದಿನವೇ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಅಪ್ಪನಿಗೆ ಕಿವಿಯಲ್ಲಿ ಉಳಿದದ್ದು ಬೇರೆ ಕೆಲಸ ಎಂಬ ಮಾತು. ಒಂದು ವಾರ ಯಾರೊಡನೆಯೂ ಮಾತಿಲ್ಲದೆ ಓಡಾಡಿದ. ಆಮೇಲೆ ಕಾರ್ಖಾನೆಯ ಮೇಲಿನವರ ಬಳಿಗೆ ತಾನೇ ಹೋಗಿ, ಇದ್ದದ್ದನ್ನು ಇದ್ದಂತೆ ಹೇಳಿ, ಬೆಂಚು ಬಿಟ್ಟುಕೊಟ್ಟ. ಅಂಬಣ್ಣ ಇನ್ನೊಂದು ವರ್ಷ ತಾನು ನಡೆಸಿಕೊಂಡು ಹೋಗುತ್ತೇನೆ, ಹೇಳಬೇಡಿರಿ ಎಂದು ಕೈ ಹಿಡಿದು ಕೇಳಿಕೊಂಡಿದ್ದನಂತೆ. ತಾನು ಪರೀಕ್ಷಿಸದ ಪ್ಯಾನೆಲ್ಲಿಗೆ ತನ್ನ ಸಹಿ ಬೀಳುವುದು ಸಾಕಾಗಿದೆ ಎಂದು ಅಪ್ಪ ಕೈ ಬಿಡಿಸಿಕೊಂಡ. ಅವನನ್ನು ಸ್ಟೋರಿಗೆ ಹಾಕಿದರು. ಟ್ಯೂಬ್‌ಲೈಟಿನ ಕೆಳಗೆ ಕೂತು, ಬಂದವರಿಗೆ ಸಾಮಾನು ಎತ್ತಿಕೊಡುವ ಕೆಲಸ. ಅದು ಅವನಿಗೆ ಸೇರಲಿಲ್ಲ. ಸಂಜೆ ಮನೆಗೆ ಬಂದವನು ಸಣ್ಣ ಸಣ್ಣದಕ್ಕೂ ಸಿಡುಕುತ್ತಿದ್ದ. ಗುಳಿಗೆಯಿಂದ ನಡುಕ ಸ್ವಲ್ಪ ಇಳಿಯಿತು. ಅದರ ಜೊತೆಗೆ ಸದಾ ಮಂಪರು ಹತ್ತಿಕೊಂಡಿತು. ಒಂದು ದಿನ ಅವ್ವ ಎಂದಿನಂತೆ ಅರ್ಧ ಲೋಟ ಚಹಾ ತಂದಿಟ್ಟಾಗ, "ಪೂರ್ತಿ ಹಾಕು. ಚೆಲ್ಲಿದ್ರ ಒರಸ್ತೀನಿ," ಅಂದನಂತೆ. ಚೆಲ್ಲಿತಂತೆ. ಒರೆಸಿದನಂತೆ. ಇದನ್ನು ಅವ್ವ ಫೋನಿನಲ್ಲಿ ಹೇಳಿ ನಕ್ಕಳು. ನಗುತ್ತಿದ್ದಾಳೋ ಏನೋ ಎಂದು ಗಂಗಾಳಿಗೆ ಸರಿಯಾಗಿ ತಿಳಿಯಲಿಲ್ಲ.

ಕಂಪ್ಯೂಟರಿನ ಮೇಲೆ ಹಳೆಯ ದುಪ್ಪಟಿ ಬಿತ್ತು. ಪ್ರೊಸೆಸರಿನ ಮಾತನ್ನು ಯಾರೂ ಎತ್ತಲಿಲ್ಲ. ಗಂಗಾಳ ಸಾಫ್ಟ್‌ವೇರು ಜುಲೈಯಲ್ಲಿ ಹೊರಬೀಳದೆ ಸೆಪ್ಟೆಂಬರಿನಲ್ಲಿ ಬಿತ್ತು. ಅದರ ಬೆನ್ನಿಗೇ ಇನ್ನೊಂದು ಬಂತು. ದೀಪಾವಳಿ ಮುಗಿಯುವಷ್ಟರಲ್ಲಿ ಅಮೆರಿಕದ ಬ್ಯಾಂಕುಗಳು ಮುಳುಗಿದ ಸುದ್ದಿ ಎಲ್ಲ ಕಡೆ ಹಬ್ಬಿ, ಆಫೀಸಿನಲ್ಲಿ ಜನ ಪಿಸುಗುಟ್ಟತೊಡಗಿದ್ದರು. ಕೆಲಸ ಉಳಿಯಬೇಕಾದರೆ ಇನ್ನಷ್ಟು ದುಡಿಯಬೇಕೆಂದು ಎಲ್ಲರಿಗೂ ಹೇಳದೆಯೇ ತಿಳಿದಿತ್ತು. ಅವಳು ಕುಷಾಯಿಗೂಡಕ್ಕೆ ಹೋಗುವುದು ತಿಂಗಳಿಗೊಮ್ಮೆಯಾಯಿತು. ಹೋದಾಗಲೂ ಉಂಡು ಮಲಗಿ ಎದ್ದು ಬರುವುದಷ್ಟೇ.

ಸಂಕ್ರಾಂತಿಗೆ ಹೋದಾಗ ದುಪ್ಪಟಿ ಇರಲಿಲ್ಲ. ಅಪ್ಪ ಪರದೆಯ ಮುಂದೆ ಕೂತಿದ್ದ. ಹಳೆಯ ಆಟ, ಅದೇ ಪುಟ್ಟ ವಿಮಾನ. ಆಟದ ಒಳಗಿನ ಸೆಟ್ಟಿಂಗುಗಳಲ್ಲಿ ಹುಡುಕಾಡುವಾಗ, ಕೈಯ ಚಲನೆಗೆ ವಿಮಾನ ಎಷ್ಟು ಬೇಗ ಸ್ಪಂದಿಸಬೇಕೆಂಬುದನ್ನು ಹೆಚ್ಚು ಕಡಿಮೆ ಮಾಡುವ ಜಾಗ ಸಿಕ್ಕಿತಂತೆ. ಅದನ್ನು ಪೂರಾ ಕೆಳಕ್ಕೆ ಇಳಿಸಿದ್ದ. "ಸಣ್ಣಂಗ ನಡುಗಿದ್ರ ಅದು ಹಿಡಿಯಂಗಿಲ್ಲ," ಎಂದು ತೋರಿಸಿದ. ಈಗ ವಿಮಾನ ತಿರುಗಬೇಕಾದರೆ ಎತ್ತಿನ ಬಂಡಿ ತಿರುಗಿಸಿದಷ್ಟು ಹೊತ್ತು ಹಿಡಿಯುತ್ತಿತ್ತು. ಇಳಿಯುವುದು ಇನ್ನೂ ಸರಿ ಬರುತ್ತಿರಲಿಲ್ಲ; ರನ್‌ವೇ ದಾಟಿ ಹುಲ್ಲಿಗೇ ಹೋಗುತ್ತಿದ್ದ. ಹಾಗಾಗಿ ಇಳಿಯುವುದನ್ನು ಕಡಿಮೆ ಮಾಡಿ ದೂರ ದೂರ ಹಾರತೊಡಗಿದ್ದ. ಒಂದು ಭಾನುವಾರ ಬೀದರ, ಒಂದು ಭಾನುವಾರ ಸೊಲ್ಲಾಪುರ. ಅವ್ವನನ್ನು ಕರೆದು, ನಿಮ್ಮ ತವರು ಇಲ್ಲೇ ಎಲ್ಲೋ ಬರುತ್ತದೆ ನೋಡು ಎನ್ನುತ್ತಿದ್ದನಂತೆ. ಆಟದಲ್ಲಿ ಅಲ್ಲಿ ಕಾಣುವುದು ಹಸಿರು ಮತ್ತು ಕಂದು ಚೌಕಗಳಷ್ಟೇ ಎಂದು ಅವ್ವ ಹೇಳಿದಳು. ಆದರೂ ಬಂದು ನೋಡುತ್ತಿದ್ದಳು.

ಹಬ್ಬದ ಊಟವಾಗಿತ್ತು. ಅಪ್ಪ ಪಶ್ಚಿಮಕ್ಕೆ ಹೊರಟಿದ್ದ. ಗಂಗಾ ಪಕ್ಕದ ಮಂಚದ ಮೇಲೆ ಒರಗಿ, ಅವನ ಹೆಗಲ ಮೇಲಿನಿಂದ ಸ್ವಲ್ಪ ಹೊತ್ತು ಚೌಕಗಳನ್ನು ನೋಡಿದಳು. ಇಂಜಿನ್ನಿನ ಸದ್ದು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಯಾವಾಗ ಕಣ್ಣು ಮುಚ್ಚಿದಳೋ ತಿಳಿಯದು. ಎಚ್ಚರಾದಾಗ ಕಿಟಕಿಯ ಬಿಸಿಲು ಗೋಡೆಗೆ ಹತ್ತಿತ್ತು. ಅವ್ವ ನೆಲದ ಮೇಲೆ ಕೂತು ಪುಂಡಿ ಸೊಪ್ಪು ಬಿಡಿಸುತ್ತಿದ್ದಳು. ಪರದೆಯ ತುಂಬ ನೀಲಿ ಇತ್ತು.

"ಎಲ್ಲಿಗೆ ಬಂದೀವಪ್ಪಾ?" ಎಂದು ಕೇಳಿದಳು.

"ಗೋವಾ ದಾಟೈತಿ. ಸಮುದ್ರದ ಮ್ಯಾಲ ಅದೀವಿ."

"ಗೋವಾದಾಗ ಇಳಸಬೇಕಿತ್ತಲ್ಲ?"

"ನೀ ಮಲಗಿದ್ದಿ," ಅಂದ ಅಪ್ಪ, ಅದೇ ಕಾರಣವೆಂಬಂತೆ.

"ಎಣ್ಣಿ ಎಷ್ಟ ಉಳದೈತಿ?"

ಅಪ್ಪ ಮುಂದಕ್ಕೆ ಬಾಗಿ ಪರದೆಯ ಮುಳ್ಳನ್ನು ನೋಡಿದ. ಇನ್ನೂ ಸುಮಾರು ದೂರ ಹೋಗುತ್ತದೆ ಎಂದ. ಬೇಕಾದರೆ ಎದ್ದು ತಿರುಗಿಸಿಕೊಡುತ್ತೇನೆ ಎಂದಳು ಗಂಗಾ. ಏಳಲಿಲ್ಲ. ಅಪ್ಪನೂ ಏಳು ಎನ್ನಲಿಲ್ಲ.

"ಹೋಗಲಿ ಬಿಡು ಹಂಗಾರ," ಎಂದು ಅವಳು ಗೋಡೆಯ ಕಡೆ ಹೊರಳಿದಳು. ಸೊಪ್ಪಿನ ದಂಟು ಮುರಿಯುವ ಸದ್ದು ಕೇಳುತ್ತಾ ಮತ್ತೆ ನಿದ್ದೆ ಹೋದಳು.